ಕುರ್ಚಿ ಇಲ್ಲದ ನಾಲ್ಕನೇ ಕಂಪ್ಯೂಟರ್

ಮೊನ್ನೆ ಎರಡು ಅಂಗಿ, ನಿನ್ನೆ ಮೂರು. ಅಂಗಡಿ ಮುಚ್ಚಿ ಗ್ರಂಥಾಲಯದಲ್ಲಿ ಕಾದದ್ದಕ್ಕೆ ದರ್ಜಿಯಮ್ಮ ತೆತ್ತ ಬೆಲೆ ಅದು. ಆ ಹೊತ್ತಿನಲ್ಲಿ ಅಷ್ಟನ್ನು ಹೊಲಿದು ಮುಗಿಸಬಹುದಿತ್ತು. ಅಲ್ಲಿನ ಕಂಪ್ಯೂಟರ್ ಪುಕ್ಕಟೆ ಎಂದವರು ಯಾರೋ ಕೈಯಲ್ಲಿ ಕೆಲಸವಿಲ್ಲದವರೇ ಇರಬೇಕು.

ಎರಡೂ ದಿನ ಸರದಿ ಬರುವ ಮೊದಲೇ ಬಾಗಿಲು ಹಾಕುವ ಹೊತ್ತಾಗಿತ್ತು. ಇವತ್ತು ಹಾಗಾಗುವಂತಿರಲಿಲ್ಲ. ಮಗಳಿಗೆ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಮಧ್ಯಾಹ್ನ ಹನ್ನೆರಡರೊಳಗೆ ಶಾಲೆಯ ಪುಟದಲ್ಲಿ ಒಪ್ಪಿಗೆ ಒತ್ತದಿದ್ದರೆ ಅದು ಪಟ್ಟಿಯಲ್ಲಿ ಮುಂದಿನವರ ಪಾಲು. ಮನೆಯ ಹಳೇ ಮೊಬೈಲಿನಲ್ಲಿ ಆ ಪುಟ ಅರ್ಧ ತೆರೆದು ನಿಂತುಬಿಡುತ್ತಿತ್ತು.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಮಗಳೊಂದಿಗೆ ಬಂದರೂ ಕೈಗೆ ಸಿಕ್ಕಿದ್ದು ಸರದಿಯ ಇಪ್ಪತ್ತನೇ ಬಿಲ್ಲೆ. ದರ್ಜಿಯಮ್ಮ ಬೆರಳು ಮಡಚಿದಳು. ಮೂರು ಕಂಪ್ಯೂಟರ್, ತಲೆಗೆ ಅರ್ಧ ಗಂಟೆ, ಒಂಬತ್ತಕ್ಕೆ ಶುರು. ತನ್ನ ಸರದಿ ಬರುವುದು ಸರಿಯಾಗಿ ಹನ್ನೆರಡಕ್ಕೆ.

ಗ್ರಂಥಾಲಯದ ಮೇಡಂ ಹತ್ತಿರ ಹೋಗಿ ಮೆಲ್ಲಗೆ ಕೇಳಿಕೊಂಡಳು. ಮೇಡಂ ಕೆಟ್ಟವರಲ್ಲ. ಹೋದ ತಿಂಗಳು ಕನಿಕರಪಟ್ಟು ಒಬ್ಬರನ್ನು ಮುಂದೆ ಬಿಟ್ಟಿದ್ದಕ್ಕೆ ಜಗಳವಾಗಿ ಮೇಲಿನವರ ತನಕ ದೂರು ಹೋಗಿತ್ತು. ಇನ್ನು ಸಾಲು ಮುರಿಯುವುದಿಲ್ಲ ಎಂದರು.

ಹನ್ನೊಂದು ದಾಟಿ ಐದು ನಿಮಿಷವಾಯಿತು. ಕೂತವರಲ್ಲಿ ಒಬ್ಬ ಆಗಲೇ ಕೆಲಸ ಮುಗಿಸಿ ಬೈಕುಗಳ ಚಿತ್ರ ನೋಡುತ್ತಿದ್ದ. ಎರಡು ಗಂಟೆ ಕಾದು ಪಡೆದ ಅರ್ಧ ಗಂಟೆಯನ್ನು ಬಿಟ್ಟುಕೊಡಲು ಯಾರಿಗೆ ಮನಸ್ಸು ಬಂದೀತು? ಮಗಳು ಉಗುರು ಕಚ್ಚುತ್ತಿದ್ದಳು. 

ಆಗ ದರ್ಜಿಯಮ್ಮನ ಕಣ್ಣು ಮೂಲೆಯಲ್ಲಿ ಬಟ್ಟೆ ಹೊದಿಸಿದ ನಾಲ್ಕನೇ ಕಂಪ್ಯೂಟರಿನ ಮೇಲೆ ಬಿತ್ತು. ಅದು ಕೆಟ್ಟಿದೆಯೇ ಎಂದು ಕೇಳಿದಳು.

“ಕಂಪ್ಯೂಟರ್ ಚೆನ್ನಾಗೇ ಇದೆ. ಕುರ್ಚಿಯ ಕಾಲು ಮುರಿದು ರಿಪೇರಿಗೆ ಹೋಗಿದೆ, ಬೇರೆ ಕುರ್ಚಿ ಇಲ್ಲ,” ಎಂದರು ಮೇಡಂ. “ಜನರನ್ನ ನಿಲ್ಲಿಸಿ ಕೆಲಸ ಮಾಡಿಸೋಕಾಗುತ್ತಾ?”

ದರ್ಜಿಯಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಮೇಡಂ, ಅಳತೆ ಕೊಡೋಕೆ ಬಂದವರಿಗೆ ನನ್ನ ಅಂಗಡೀಲಿ ಕುರ್ಚಿನೇ ಹಾಕಲ್ಲ. ಹಾಕಿದ್ರೆ ಅಳತೆ ಎರಡು ನಿಮಿಷ, ಮಾತು ಎರಡು ಗಂಟೆ. ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ, ಇಲ್ಲಿ ಕೂತವರಿಗೆ ಅರ್ಧ ಗಂಟೆ ಸಾಲ್ತಿಲ್ಲ. ನಿಂತುಕೊಂಡು ಮಾಡೋರು ಇದ್ದಾರಾ ಅಂತ ಸಾಲಿನ ಪ್ರಕಾರನೇ ಕೇಳಿ.”

 ಮೇಡಂ ಎದ್ದು ಹೋಗಿ ಬಟ್ಟೆ ತೆಗೆದರು. ಒಲ್ಲೆ ಎಂದವರ ಸರದಿ ತಪ್ಪುವುದಿಲ್ಲ ಎಂದು ಮೊದಲೇ ಹೇಳಿ, ಹದಿನಾರನೇ ಬಿಲ್ಲೆಯಿಂದ ಕೇಳುತ್ತ ಬಂದರು. ಹದಿನಾರು ಪಿಂಚಣಿಯ ಅಜ್ಜನದು.

“ನಾನು ಒಪ್ಪಿದ್ರೂ ನನ್ನ ಮೊಣಕಾಲು ಒಪ್ಪಬೇಕಲ್ಲಮ್ಮ,” ಎಂದ ಅಜ್ಜ. ಹದಿನೇಳನೆಯವಳು ಹತ್ತು ಪುಟದ ಅರ್ಜಿ ತುಂಬಬೇಕಿತ್ತು, ಬೇಡವೆಂದಳು. ಹದಿನೆಂಟು ಬೆಂಚಿನಿಂದ ಎದ್ದು ಹೋಗಿ ಎಂಟು ನಿಮಿಷದಲ್ಲಿ ಮುಗಿಸಿತು. ಹತ್ತೊಂಬತ್ತಕ್ಕೆ ಆರೇ ನಿಮಿಷ. ಯಾರೂ ಚಿತ್ರ ನೋಡುತ್ತ ನಿಲ್ಲಲಿಲ್ಲ.

ಹನ್ನೊಂದೂ ಇಪ್ಪತ್ತೈದಕ್ಕೆ ಮಗಳು ಒಪ್ಪಿಗೆ ಒತ್ತಿದಳು. ನಿಮ್ಮ ಸೀಟು ಖಾತ್ರಿಯಾಗಿದೆ ಎಂಬ ಸಾಲು ಪರದೆಯ ಮೇಲೆ ಬಂದದ್ದೇ ತಡ, ಅವಳು ನೆಲದ ಮೇಲೆ ಕುಕ್ಕರಿಸಿದಳು.

“ಅಮ್ಮಾ, ಈಗ ಬೇಕಿತ್ತು ನೋಡು ಕುರ್ಚಿ.”

ದರ್ಜಿಯಮ್ಮ ನಕ್ಕಳು. ಅಜ್ಜನೂ ನಕ್ಕ. ಚಿತ್ರ ನೋಡುತ್ತಿದ್ದವನು ಯಾಕೋ ಎದ್ದು ಅಜ್ಜನಿಗೆ ಜಾಗ ಬಿಟ್ಟುಕೊಟ್ಟ.

ವಾರದ ಮೇಲೆ ಕುರ್ಚಿ ರಿಪೇರಿಯಾಗಿ ಬಂತು. ಮೇಡಂ ಅದನ್ನು ಪತ್ರಿಕೆ ಓದುವ ಕಡೆ ಹಾಕಿಸಿದರು. ನಾಲ್ಕನೆಯದು ನಿಂತು ಮಾಡುವವರದ್ದಾಗಿಯೇ ಉಳಿಯಿತು. ಚಿಕ್ಕ ಕೆಲಸಕ್ಕೆ ಬಂದವರು ಈಗ ಕಾಲು ಗಂಟೆಗಿಂತ ಹೆಚ್ಚು ಕಾಯುವುದಿಲ್ಲ.

ದರ್ಜಿಯಮ್ಮನಿಗೆ ಆ ದಿನದ್ದೂ ಸೇರಿ ಏಳು ಅಂಗಿಯ ಹೊಲಿಗೆ ಹೋಯಿತು. ಮಗಳ ಸೀಟು ಉಳಿಯಿತು.