ಅಮ್ಮನ ಬಚ್ಚಲಿಗೆ ಹದಿನೈದು ದಿನ

"ಹದಿನೈದೇ ದಿನ ಕಣಮ್ಮ" ಎಂದು ಮಾತು ಕೊಟ್ಟ ಮಗ ಬಚ್ಚಲಿನ ಕೆಲಸವನ್ನು ಜನ್ಮದಲ್ಲಿ ಮುಟ್ಟಿದವನಲ್ಲ. ಫೋಟೋಗಳಿಗೆ ಕಟ್ಟು ಹಾಕುವುದು ಅವನ ಕಸುಬು. ನಾಲ್ಕು ಮೂಲೆ ಕೂಡಿಸುವವನಿಗೆ ನಾಲ್ಕು ಟೈಲ್ಸ್ ಕೂಡಿಸಲು ಬಾರದೇ ಎಂಬ ಧಿಮಾಕು, ಅಷ್ಟೆ.

ಹಳೆಯ ಬಚ್ಚಲಿನ ಕಟ್ಟೆ ದಾಟುವಾಗ ಬಿದ್ದು ಅಮ್ಮ ಸೊಂಟ ಮುರಿದುಕೊಂಡಿದ್ದಳು. ಮೂಳೆ ಕೂಡಿತು, ಆದರೆ ಕಾಲೆತ್ತಿ ಕಟ್ಟೆ ದಾಟುವುದು ಇನ್ನು ಆಗದ ಮಾತು. ಅವಳೋ ಆಸ್ಪತ್ರೆಯಲ್ಲಿ ನರ್ಸ್ ಮೈ ಒರೆಸಲು ಬಂದರೆ ನಾಚಿಕೆಯಿಂದ ಬಿಕ್ಕಿ ಬಿಕ್ಕಿ ಅತ್ತವಳು. "ಬಾಗಿಲು ಹಾಕ್ಕೊಂಡು ನನ್ನ ಸ್ನಾನ ನಾನೇ ಮಾಡ್ಕೋಬೇಕು. ಅಷ್ಟು ಮಾಡ್ಕೊಡು, ಸಾಕು" ಎಂದಿದ್ದಳು. ಕೆಲಸ ಮುಗಿಯುವವರೆಗೆ ಅವನ ಅಕ್ಕನ ಮನೆಯಲ್ಲಿರಲಿ ಎಂದಾಯಿತು. ಅಲ್ಲೂ ಕಟ್ಟೆಯೇ, ಅಕ್ಕನೇ ಮೀಯಿಸಬೇಕು. ಹದಿನೈದು ದಿನ ತಾನೆ, ಹಲ್ಲು ಕಚ್ಚಿ ತಡೆದುಕೊಳ್ಳುತ್ತೇನೆ ಎಂದು ಅಮ್ಮ ಹೊರಟಳು.

ಕಟ್ಟೆ ಒಡೆಯುವುದಕ್ಕೇ ವಾರ ಹಿಡಿಯಿತು. ಅಂಗಡಿ ಮುಗಿಸಿ ಬಂದು ದಿನಕ್ಕೆ ಎರಡು ಗಂಟೆ ಕೆಲಸ. ಒಡೆದ ಮೇಲೆ ನೋಡಿದರೆ ಒಳಗಿನ ಪೈಪು ತುಕ್ಕು ಹಿಡಿದು ಹಪ್ಪಳವಾಗಿತ್ತು. ಅದನ್ನು ಬದಲಿಸಲು ಎರಡು ವಾರ. ಅಂತೂ ಮೂವತ್ತೆಂಟನೆಯ ದಿನ ನೆಲ ಮುಗಿಯಿತು. ನೆಲ ಸಮವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡಿದ. ಅದರ ಗುಳ್ಳೆ ನಡುವಿನಿಂದ ಕೂದಲೆಳೆಯಷ್ಟೂ ಅಲುಗಲಿಲ್ಲ. ಬೀಗುತ್ತ ಒಂದು ಬಕೆಟ್ ನೀರು ಸುರಿದ. ನೀರು ಎಲ್ಲಿಗೂ ಹೋಗದೆ ನಿಂತಲ್ಲೇ ನಿಂತಿತು. ಇಪ್ಪತ್ತು ವರ್ಷ ಎಲ್ಲವನ್ನೂ ಸಮ ಕೂರಿಸಿದ ಕೈ ಬಚ್ಚಲನ್ನೂ ಸಮ ಕೂರಿಸಿತ್ತು.

ಪಕ್ಕದ ಮನೆಯ ಪ್ಲಂಬರ್ ಇಣುಕಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಪುಣ್ಯಾತ್ಮ, ಇದನ್ನೇನು ಗೋಡೆಗೆ ತೂಗುಹಾಕ್ತೀಯಾ? ನೀರು ಹೋಗೋಕೆ ಇಳಿಜಾರು ಬೇಡ್ವಾ? ಬಿಡು, ನಾಲ್ಕು ದಿನದಲ್ಲಿ ನಾನೇ ಮಾಡ್ಕೊಡ್ತೀನಿ."

"ಬೇಡ. ನಮ್ಮಮ್ಮಂಗೆ ನಾನೇ ಮಾಡಬೇಕು."

ಹಟ ತಲೆಗೇರಿತ್ತು. ಅಷ್ಟನ್ನೂ ಕಿತ್ತು ಮೊದಲಿನಿಂದ ಶುರುಮಾಡಿದ.

ಭಾನುವಾರದ ಫೋನಿನಲ್ಲಿ ಅಮ್ಮ "ಎಲ್ಲಿಗೆ ಬಂತೋ?" ಎನ್ನುವಳು. ಇವನು "ಇನ್ನೊಂದೇ ವಾರ" ಎನ್ನುವನು. ಬರಬರುತ್ತ ಅವಳು ಕೇಳುವುದನ್ನೇ ಬಿಟ್ಟಳು. ಸದ್ಯ, ಅಮ್ಮನಿಗೆ ಅವಸರವಿಲ್ಲ ಎಂದು ಇವನು ಹಗುರಾದ. ದಡ್ಡ ಮುಂಡೇದು.

ತೊಂಬತ್ತೆರಡನೆಯ ದಿನ ಅಮ್ಮ ಬಂದಳು. ನೀರು ಸರಾಗವಾಗಿ ಹರಿಯುತ್ತಿತ್ತು, ಗೋಡೆಯ ಹಿಡಿಕೆ ಗಟ್ಟಿಯಾಗಿತ್ತು, ಚಿಲಕ ಕೂತಲ್ಲಿಂದಲೇ ಕೈಗೆಟಕುತ್ತಿತ್ತು. ಬಿಸಿನೀರು ತುಂಬಿಸಿ, ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, "ಬಾಗಿಲು ಹಾಕ್ಕೋಮ್ಮ" ಎಂದು ಹೊರಗೆ ಬಂದು ನಿಂತ.

ಚಿಲಕದ ಸದ್ದು ಬರಲೇ ಇಲ್ಲ.

"ಬಾರೋ, ನೀರು ಆರಿ ಹೋಗುತ್ತೆ" ಎಂದಳು ಅಮ್ಮ.

ಬಾಗಿಲು ತೆರೆದೇ ಇತ್ತು. ಅಮ್ಮ ಬಟ್ಟೆ ಕಳಚಿ ಕೂತಿದ್ದಳು. ಮಗನನ್ನು ಕಂಡರೂ ಮುಚ್ಚಿಕೊಳ್ಳಲಿಲ್ಲ. ಕಣ್ಣು ಮುಚ್ಚಿ, ಎರಡೂ ತೋಳು ಮೇಲೆತ್ತಿ ಕಾದಳು, ಮೀಯಿಸುವವರಿಗೆ ಮಗು ಕಾಯುವ ಹಾಗೆ.

"ನಾನೇ ಮಾಡ್ಕೋತೀನಿ ಅಂದಿದ್ದೆಯಲ್ಲಮ್ಮಾ..."

"ಅಂದಿದ್ದೆ. ಮೊದಮೊದಲು ನಾಚಿಕೆ ಆಗ್ತಿತ್ತು, ದಿನಾ ಅಳ್ತಿದ್ದೆ. ಆಮೇಲೆ ಅದೂ ಹೋಯ್ತು. ನೀರು ಹಾಕೋ, ಚಳಿ ಆಗ್ತಿದೆ."

ಅವನು ಒಳಗೆ ಬಂದ. ಚೊಂಬು ಎತ್ತಿ ಅಮ್ಮನ ಬೆನ್ನಿಗೆ ನೀರು ಹುಯ್ದ.