ಬಸ್ಸಿನಲ್ಲಿ ಹೋದರೆ ಪುಣ್ಯ ಡ್ರೈವರಿಗೆ

ಭಾನುವಾರ ಮಧ್ಯಾಹ್ನ ಮಹದೇವು ಪತ್ರಿಕೆಯ ಕಚೇರಿಯಿಂದ ಊಟಕ್ಕೆಂದು ಮನೆಗೆ ಬಂದಾಗ ಬಾಗಿಲಿಗೆ ಚಿಲಕ ಹಾಕಿತ್ತು, ಬೀಗವಿರಲಿಲ್ಲ. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮನೆಯಲ್ಲಿದ್ದವಳು ಅವ್ವ ದೇವಿರಮ್ಮ ಒಬ್ಬಳೇ. ಕಳೆದ ತಿಂಗಳು ನಲ್ಲಿಯ ಹತ್ತಿರ ಎದೆ ಹಿಡಿದುಕೊಂಡು ಬಿದ್ದ ಮೇಲೆ, ಅಟ್ಟದ ಏಣಿಯನ್ನೂ ಹತ್ತಬಾರದೆಂದು ಡಾಕ್ಟರು ಹೇಳಿದ್ದರು. ಹಿತ್ತಲಲ್ಲಿರಬಹುದು ಎಂದುಕೊಂಡು ಎರಡು ಸಲ ಕೂಗಿದ. ಉತ್ತರ ಬಂದದ್ದು ಪಕ್ಕದ ಮನೆಯ ಜಗಲಿಯಿಂದ.

ನಿವೃತ್ತ ಮೇಷ್ಟ್ರು ವೆಂಕಟಸುಬ್ಬಯ್ಯನವರು ಕನ್ನಡಕ ಒರೆಸುತ್ತಾ, ತಾಯಿಯವರು ವಠಾರದ ಚೆಲುವಮ್ಮನ ಜೊತೆ ಬೆಳಿಗ್ಗೆಯೇ ಚಾಮುಂಡಿ ಬೆಟ್ಟಕ್ಕೆ ಹೊರಟರೆಂದು ತಿಳಿಸಿದರು. ಹೇಳುವಾಗ ಅವರ ದನಿಯಲ್ಲಿ ಒಂದು ಬಗೆಯ ತೃಪ್ತಿ ಇತ್ತು.

"ಯಾವ ಬಸ್ಸಿಗೆ ಹೋದರು ಮೇಷ್ಟ್ರೇ?"

"ಬಸ್ಸೆಲ್ಲಿ ಬಂತು? ಬಸ್ಸಿನಲ್ಲಿ ಹೋದರೆ ಪುಣ್ಯ ಡ್ರೈವರಿಗೆ ಹೋಗುತ್ತೆ ಅಂತ ನೀವೇ ಬರೆದಿದ್ದೀರಲ್ಲ. ಮೆಟ್ಟಿಲು ಹತ್ತಿಯೇ ಹೋಗ್ತೀನಿ ಅಂದರು. ಭಕ್ತಿ ಅಂದರೆ ಹಾಗಿರಬೇಕು."

ಮಹದೇವು ಸೈಕಲ್ಲನ್ನು ಬೀದಿಗೆ ತಿರುಗಿಸಿದ.

ಅದು ಅಷ್ಟಗ್ರಹ ಕೂಟದ ವಾರ. ಮಕರ ರಾಶಿಯಲ್ಲಿ ಎಂಟು ಗ್ರಹಗಳು ಸೇರುತ್ತವೆ, ಭೂಮಿ ಬಿರಿಯುತ್ತದೆ, ಊರುಗಳು ಮುಳುಗುತ್ತವೆ ಎಂದು ದೇಶವೇ ನಡುಗುತ್ತಿತ್ತು. ಚಾಮರಾಜಪುರಂನಲ್ಲಿ ಬೀದಿಗೊಂದು ಹೋಮ. ಅಂಗಡಿಗಳು ಅರ್ಧ ಬಾಗಿಲು ಹಾಕಿದ್ದವು. ಉಪಸಂಪಾದಕನಾಗಿದ್ದ ಮಹದೇವು ಪ್ರತಿ ವಾರ 'ಅಡ್ಡಹರಟೆ' ಎಂಬ ಅಂಕಣ ಬರೆಯುತ್ತಿದ್ದ. ಬೆಕ್ಕಿನ ಹೆಸರಿಗೆ ಮನೆ ಬರೆದಿಟ್ಟ ಎಲ್ಲಿಯದೋ ಮುದುಕಿ, ಹೊಸ ಸಿನಿಮಾದ ನಾಯಕಿಯ ಜಡೆಯಲ್ಲಿ ಸ್ವಂತದ್ದೆಷ್ಟು, ಕಾಫಿಗೆ ಚಿಕೋರಿ ಬೆರೆಸುವವರಿಗೆ ಯಾವ ನರಕ, ಇಂಥವು ಅವನ ವಿಷಯಗಳು. ಕಳೆದ ಭಾನುವಾರ ಗ್ರಹಗಳನ್ನು ಹಿಡಿದುಕೊಂಡಿದ್ದ. ಮುನ್ನೂರು ವರ್ಷದಿಂದ ಕೂತಲ್ಲಿಂದ ಅಲುಗದವನು ಮೈಸೂರಿನಲ್ಲಿ ಒಬ್ಬನೇ, ಬೆಟ್ಟದ ನಂದಿ. ಪ್ರಳಯವಾದರೆ ಅವನ ಕೊರಳ ಗಂಟೆಯ ಕೆಳಗೆ ಕೂತವರಿಗೆ ಮಾತ್ರ ಕ್ಷೇಮ. ಮೆಟ್ಟಿಲು ಹತ್ತಿಯೇ ಹೋಗಬೇಕು, ಬಸ್ಸಿನಲ್ಲಿ ಹೋದರೆ ಪುಣ್ಯ ಡ್ರೈವರಿಗೆ ಎಂದು ಬರೆದಿದ್ದ. ಅಚ್ಚುಮೊಳೆ ಜೋಡಿಸುವವರು ಬಿದ್ದು ಬಿದ್ದು ನಕ್ಕಿದ್ದರು.

ಆದರೆ ಅವ್ವನಿಗೆ ಓದು ಬರುತ್ತಿರಲಿಲ್ಲ. ದಿನವೂ ಮಧ್ಯಾಹ್ನ ಮೇಷ್ಟ್ರು ಜಗಲಿಯ ಮೇಲೆ ಕೂತು ವಠಾರದ ಹೆಂಗಸರಿಗೆ ಪತ್ರಿಕೆ ಓದಿ ಹೇಳುತ್ತಿದ್ದರು. ಪುರಾಣ ಓದಿ ಪಳಗಿದ ಗಂಟಲು ಅದು. ಅಕ್ಕಿಯ ಧಾರಣೆಯನ್ನೂ ಎಳೆದು, ನಿಲ್ಲಿಸಿ, ತಲೆದೂಗಿಸಿ ಓದುವರು. ಆ ರಾಗದಲ್ಲಿ ಅವನ ಹಾಸ್ಯ ಹೇಗೆ ಕೇಳಿಸಿರಬಹುದು ಎಂಬುದು ಮಹದೇವುಗೆ ಈಗ ಹೊಳೆಯಿತು. ಮೇಷ್ಟ್ರ ಮೇಲೆ ರೇಗಲೂ ಅವನಿಗೆ ವ್ಯವಧಾನವಿರಲಿಲ್ಲ.

ಸೈಕಲ್ಲನ್ನು ಬೆಟ್ಟದ ಪಾದದಲ್ಲಿ ಒರಗಿಸಿ ಮೆಟ್ಟಿಲಿಗೆ ಕಾಲಿಟ್ಟ. ಜನ ಸಾಲಾಗಿ ಹತ್ತುತ್ತಿದ್ದರು. ಕಂಕುಳಲ್ಲಿ ಕೂಸು, ತಲೆಯ ಮೇಲೆ ಬುತ್ತಿಗಂಟು. ಕೆಲವು ಹೆಂಗಸರು ಬಗ್ಗಿ ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಿದ್ದರು. ಅವ್ವನೂ ಹೀಗೆ ಬಗ್ಗಿ ಏಳುತ್ತಾ ಹೋಗಿರಬಹುದೇ ಎಂದು ನೆನೆದು ಅವನು ಎರಡೆರಡು ಮೆಟ್ಟಿಲು ಹಾರಿ ಹತ್ತತೊಡಗಿದ. ಗುರುತಿನವರೊಬ್ಬರು ಕೈ ಮುಗಿದು, ಒಳ್ಳೆಯ ಸಮಯದಲ್ಲಿ ಒಳ್ಳೆಯ ಮಾತು ಬರೆದಿರಿ ಎಂದರು. ಅದು ತಮಾಷೆಗೆ ಬರೆದದ್ದು ಎಂದು ಹೇಳಲು ಅವನು ಬಾಯಿ ತೆರೆದ. ಅವರ ಹೆಂಡತಿ ಮಗುವನ್ನು ಎದೆಗವಚಿಕೊಂಡು ಅವನನ್ನೇ ನೋಡುತ್ತಿದ್ದಳು. ಅವನು ಕೈ ಮುಗಿದು ದಾಟಿಹೋದ.

ತಿರುವಿನಲ್ಲಿ ಇಳಿದುಬರುತ್ತಿದ್ದ ಒಬ್ಬ, ಮೇಲೆ ಯಾರೋ ಮುದುಕಿ ಬಿದ್ದುಬಿಟ್ಟಿದ್ದಾಳೆ, ಮುಖಕ್ಕೆ ನೀರು ಹಾಕ್ತಾವ್ರೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಮಹದೇವು ಅವನ ತೋಳು ಹಿಡಿದ.

"ಯಾವ ಬಣ್ಣದ ಸೀರೆ?"

"ಹಸುರು ಇದ್ದಂಗಿತ್ತು ಸ್ವಾಮಿ. ನಿಮ್ಮೋರಾ?"

ಬೆಳಿಗ್ಗೆ ಅವ್ವ ಕೈಗೆ ಕಾಫಿ ಕೊಟ್ಟಿದ್ದಳು. ಪತ್ರಿಕೆ ನೋಡುತ್ತಲೇ ಲೋಟ ತೆಗೆದುಕೊಂಡಿದ್ದ. ಸತ್ತವನ ಅಂಗಿಯ ಬಣ್ಣ ಬರೆಯಲಿಲ್ಲವೆಂದು ವರದಿಗಾರರನ್ನು ಬೈಯುವವನಿಗೆ ತಾಯಿ ಉಟ್ಟ ಸೀರೆಯ ಬಣ್ಣ ಗೊತ್ತಿರಲಿಲ್ಲ.

ಅವನು ಓಡಿದ. ಕಾಲು ಕುಂಕುಮದಲ್ಲಿ ಜಾರಿತು, ಮೊಣಕಾಲು ತರಚಿತು. ಜನರ ಗುಂಪು ಕಂಡಾಗ ಮಾತ್ರ ಅವನ ಕಾಲು ತಾನಾಗಿ ನಿಧಾನವಾಯಿತು. ಹತ್ತಿರ ಹೋಗುವವರೆಗೆ ಅದು ಅವ್ವ ಅಲ್ಲ. ಹೋದ ಮೇಲೆ ಏನೋ ಯಾರಿಗೆ ಗೊತ್ತು. ಹೆಗಲುಗಳ ನಡುವೆ ಇಣುಕಿದ. ಹಸಿರು ಸೀರೆಯ ಯಾರೋ ಹೆಂಗಸು, ಎದ್ದು ಕೂತು, ಮಜ್ಜಿಗೆ ತರಲಿಲ್ಲವೆಂದು ಸೊಸೆಯನ್ನು ಬೈಯುತ್ತಿದ್ದಳು. ಮಹದೇವು ಕಟ್ಟೆ ಹಿಡಿದು ನಿಂತು ಉಸಿರೆಳೆದುಕೊಂಡ. ಅಲ್ಲಿಂದ ಮುಂದೆ ಪ್ರತಿ ತಿರುವಿನಲ್ಲೂ ಮೆಟ್ಟಿಲ ಪಕ್ಕದ ಪೊದೆಗಳನ್ನೂ ನೋಡಿಕೊಂಡೇ ಹತ್ತಿದ.

ನಂದಿಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಕರಿಯ ಕಲ್ಲಿನ ಎದೆಯ ಕೆಳಗೆ, ಜನರ ನಡುವೆ, ಅವ್ವ ಕೂತಿದ್ದಳು. ನೀಲಿ ಸೀರೆ. ತುಟಿಯೂ ಹೆಚ್ಚುಕಡಿಮೆ ಅದೇ ಬಣ್ಣಕ್ಕೆ ತಿರುಗಿತ್ತು. ಪ್ರತಿ ಉಸಿರಿಗೂ ಹೆಗಲು ಮೇಲೇಳುತ್ತಿತ್ತು. ಪಕ್ಕದಲ್ಲಿ ಒಂದು ಟವಲ್ಲು ಹಾಸಿ ಅದರ ಮೇಲೆ ಕೈ ಊರಿದ್ದಳು. ಚೆಲುವಮ್ಮ ಸೆರಗಿನಿಂದ ಗಾಳಿ ಬೀಸುತ್ತಿದ್ದವಳು ಅವನನ್ನು ಕಂಡು ತಲೆ ತಗ್ಗಿಸಿದಳು.

"ಬಂದ್ಯಾ ಮಗ," ಎಂದಳು ಅವ್ವ. ನಡುವೆ ಉಸಿರಿಗೆ ನಿಲ್ಲಬೇಕಾಯಿತು. "ನಿಂಗೇ ಜಾಗ ಹಿಡ್ಕಂಡಿವ್ನಿ. ಎಷ್ಟು ಜನ ಜಗಳಕ್ಕೆ ಬಂದ್ರು. ಪೇಪರ್‌ನಾಗೆ ಬರ್ದೋನೇ ಬತ್ತಾನೆ ಕಣ್ರಪ್ಪಾ, ಬುಡಿ ಅಂದೆ. ಆ ನಿನ್ ಪ್ರೆಸ್ಸು ಹಳೇ ಕಟ್ಟಡ. ಬಿದ್ರೆ ನಿನ್ ಮ್ಯಾಲೇ."

ಮಹದೇವು ಅವಳ ಮಣಿಕಟ್ಟು ಹಿಡಿದ. ನಾಡಿ ಹಕ್ಕಿಯಂತೆ ಹಾರುತ್ತಿತ್ತು. ಕಾರು ತರಿಸುತ್ತೇನೆ, ಈಗಲೇ ಇಳಿಯೋಣ ಎಂದ. ಅವಳು ಕೈ ಎಳೆದುಕೊಂಡಳು. ಬೆನ್ನು ನೆಟ್ಟಗಾಯಿತು, ಉಸಿರು ಇನ್ನಷ್ಟು ಏರಿತು. ಗ್ರಹಕೂಟದ ಅಮಾವಾಸ್ಯೆ ಕಳೆಯುವವರೆಗೆ ಕದಲುವುದಿಲ್ಲ, ಮಗನನ್ನೂ ಕದಲಿಸುವುದಿಲ್ಲ ಎಂದಳು. ಇಷ್ಟರಲ್ಲಿ ಸುದ್ದಿ ಹಬ್ಬಿತ್ತು: ಪತ್ರಿಕೆಯಲ್ಲಿ ಬರೆದವರೇ ಬಂದಿದ್ದಾರೆ, ಓಡಿ ಬಂದಿದ್ದಾರೆ, ಮೊಣಕಾಲಲ್ಲಿ ರಕ್ತ. ಸಾಕಾಗಿ ಗಂಟು ಕಟ್ಟಿ ಇಳಿಯಲು ಹೊರಟಿದ್ದ ಎರಡು ಮೂರು ಸಂಸಾರಗಳು ಮತ್ತೆ ಗಂಟು ಇಳಿಸಿ ಕೂತವು. ಒಬ್ಬಳು ದೊಡ್ಡದಾಗಿ ಅಳತೊಡಗಿದಳು.

ಅದನ್ನು ಕೇಳಿ ಅವ್ವನ ಕಣ್ಣು ಅಗಲವಾಯಿತು. ಹತ್ತಿರ ಬಾ ಎಂದು ಸನ್ನೆ ಮಾಡಿದಳು.

"ಮಾದೇವ, ನಿಜ ಹೇಳು. ಇಲ್ಲಿ ಕುಂತ್ರೆ ಏನೂ ಆಗಕಿಲ್ಲ ತಾನೆ? ಚೆಲುವಮ್ಮನ ಗಂಡ, ಅದು ನಗೂಕೆ ಬರ್ದಿರೋದು ಅಂತಿದ್ನಂತೆ."

ಸುತ್ತಲಿನವರು ಇತ್ತ ಬಗ್ಗಿದರು. ಅಳುತ್ತಿದ್ದವಳೂ ಕಣ್ಣೊರೆಸಿಕೊಂಡು ಕಿವಿಗೊಟ್ಟಳು. ದಾರಿಯಲ್ಲಿ ಸಿಕ್ಕಿದ್ದ ಗುರುತಿನವರೂ ಆಗಲೇ ಹತ್ತಿ ಬಂದಿದ್ದರು; ಮಹದೇವು ಮಗು ಎತ್ತಿಕೊಂಡಿದ್ದ ಅವರ ಹೆಂಡತಿಯನ್ನು ನೋಡಿದ, ಅವರನ್ನು ನೋಡಿದ. ಅವ್ವನ ಮಣಿಕಟ್ಟನ್ನು ಮತ್ತೆ ಹಿಡಿದ; ಬೆರಳ ಕೆಳಗೆ ನಾಡಿ ಎರಡು ಸಲ ಹೊಡೆದು, ಒಂದು ಸಲ ತಪ್ಪಿತು.

"ನಿಜ ಕಣವ್ವ," ಎಂದ. "ಏನೂ ಆಗಲ್ಲ. ವಿಚಾರಿಸಿಯೇ ಬರೆದದ್ದು."

ಅವಳು ಟವಲ್ಲಿನ ಮೇಲಿಂದ ಕೈ ತೆಗೆದಳು. ಅವನು ಅದರ ಮೇಲೆ ಕೂತ. ಬೆಟ್ಟದ ಮೇಲಿನ ಹೋಟೆಲಿನಿಂದ ಕಾರಿಗೆ ಫೋನು ಮಾಡಿಸುವಂತೆ, ಬರುವಾಗ ಡಾಕ್ಟರನ್ನೂ ಕರೆತರುವಂತೆ ಚೆಲುವಮ್ಮನ ಕಿವಿಯಲ್ಲಿ ಹೇಳಿ ಕಳಿಸಿದ. ಸ್ವಲ್ಪ ಹೊತ್ತಿಗೆ ಅವ್ವನ ತಲೆ ಅವನ ಹೆಗಲಿಗೆ ವಾಲಿತು. ನಿದ್ದೆಯೋ, ಬಳಲಿಕೆಯೋ ತಿಳಿಯಲಿಲ್ಲ. ಕಡೆಯ ಬಸ್ಸು ಬಹುಪಾಲು ಖಾಲಿಯಾಗಿ ಇಳಿದುಹೋಯಿತು, ಕಾರು ಇನ್ನೂ ಬಂದಿರಲಿಲ್ಲ. ಜನ ಆಕಾಶ ನೋಡುತ್ತಿದ್ದರು. ಮಹದೇವು ನೀಲಿ ಸೆರಗಿನ ಅಂಚನ್ನೇ ನೋಡುತ್ತಿದ್ದ. ಅದು ಏಳುತ್ತಿತ್ತು, ಇಳಿಯುತ್ತಿತ್ತು. ಪ್ರತಿ ಸಲ ಇಳಿದಾಗಲೂ ಮತ್ತೆ ಏಳುವವರೆಗೆ ಅವನು ತನ್ನ ಉಸಿರು ಹಿಡಿದಿದ್ದ.