ಬಲಗಾಲಿನ ಚಪ್ಪಲಿ

ಮೂಗಿಗೆ ಮೊದಲು ಬಡಿದದ್ದು ಮೆಂತ್ಯದ ಘಾಟು, ಆಮೇಲೆ ಅಶ್ವಗಂಧ, ಕೋಠಿಯ ಈ ಗಲ್ಲಿಗೆ ಕಾಲಿಟ್ಟರೆ ಸಾಕು ಅರ್ಧ ಬ್ಯಾನಿ ಹೋಗತೈತಿ ಎನ್ನುತ್ತಾನೆ ಅಮರಯ್ಯ, ಫ್ಯಾಕ್ಟರಿಯಲ್ಲಿ ಪಕ್ಕದ ಬೆಂಚಿನವನು — ಗಿಡಮೂಲಿಕೆ ಅಂಗಡಿಯ ಮೆಟ್ಟಿಲ ಕೆಳಗೆ ಹಣಮಂತರಾಯ ಚಪ್ಪಲಿ ಬಿಡಲು ನಿಂತ, ಬಿಡದೆ ಒಳಗೆ ಹೋಗುವಂತಿಲ್ಲ, ಎಡಗಾಲಿನದನ್ನು ಬಿಟ್ಟ, ಬಲಗಾಲಿನದನ್ನು ಬಿಡಲು ನೋಡಿದರೆ ಬಿಡಲು ಏನೂ ಇಲ್ಲ, ಬರೀ ಕಾಲು. ಎಲ್ಲಿ ಹೋಯಿತು, ಕುಷಾಯಿಗೂಡದಲ್ಲಿ ಬಸ್ಸು ಹತ್ತುವಾಗ ಇತ್ತಲ್ಲ, ನಾರಾಯಣಗೂಡದ ನೂಕುನುಗ್ಗಲಲ್ಲೂ ಇತ್ತು, ಕೋಠಿಯಲ್ಲಿ ಇಳಿದಾಗ ಹಿಂದಿನಿಂದ ಯಾರೋ ಹೆಂಗಸು ಅನ್ನಾ ಅನ್ನಾ, ಮೀ ಚೆಪ್ಪು ಎಂದು ಕೂಗಿದ್ದಳು, ಬೇರೆ ಯಾರ ಚಪ್ಪಲಿಯೋ ಎಂದುಕೊಂಡು ತಿರುಗಿಯೂ ನೋಡದೆ ನಡೆದುಬಿಟ್ಟ, ಅಷ್ಟು ದೂರ, ಮೇ ತಿಂಗಳ ಡಾಂಬರಿನ ಮೇಲೆ, ಬರಿಗಾಲಲ್ಲಿ — ಸುಡಲಿಲ್ಲವೆ? ಸುಡಲಿಲ್ಲ. ಎಂಟು ತಿಂಗಳಿಂದ ಇದೇ ಅಂಗಡಿಯ ಪುಡಿ, ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ, ಸಕ್ಕರೆ ಕಾಯಿಲೆಗೂ ಅದೇ, ಗಂಡಸುತನಕ್ಕೂ ಅದೇ. ಇಂಗ್ಲಿಷ್ ಗುಳಿಗಿ ತಿಂದೇ ನೀ ಹಿಂಗಾಗೀದಿ ನೋಡಪಾ, ಸತ್ವಾನೇ ಹೀರತಾವ ಅವು, ಅಂದವನು ಅಮರಯ್ಯ, ಹೈಟೆಕ್ ಸಿಟಿಕೇ ಕಂಪ್ಯೂಟರ್‌ವಾಲೇ ಭೀ ಕಾರಾಂ ಮೇ ಆಕೋ ಲೇ ಜಾತೇ ಸಾಬ್, ಅಂದವನು ಅಂಗಡಿಯವನು, ಕಾರಿನಲ್ಲಿ ಬರುವ ಬುದ್ಧಿವಂತರೇ ನಂಬಿದ ಮೇಲೆ ಬಸ್ಸಿನಲ್ಲಿ ಬರುವವನದೇನು. ಡಾಕ್ಟರಿಗೆ ಹೇಳಬಹುದಿತ್ತು, ಆದರೆ ಫ್ಯಾಕ್ಟರಿ ಡಿಸ್ಪೆನ್ಸರಿಯ ನರ್ಸು ಸುಮತಿ ಅವನ ಕ್ವಾರ್ಟರ್ಸಿನ ಕೆಳಮನೆಯವಳು, ಅವಳ ಎದುರು ಆ ಮಾತು ಬಾಯಿಂದ ಹೇಗೆ ಬಂದೀತು, ನಾಚಿಕೆಯಿಂದ ಸತ್ತೇ ಹೋಗುತ್ತಿದ್ದ. ಅವಳು ಕೊಟ್ಟ ಗುಳಿಗೆಗಳೆಲ್ಲ ಬೀರುವಿನ ಹಿಂದೆ ಬಿದ್ದಿವೆ. ರಕ್ತಪರೀಕ್ಷೆಗೆ ಎರಡು ದಿನ ಮುಂಚೆ ರೊಟ್ಟಿ ಬಿಟ್ಟು ಮಜ್ಜಿಗೆ ಕುಡಿದುಕೊಂಡಿರುತ್ತಿದ್ದ, ಚೀಟಿ ಚೆನ್ನಾಗಿ ಬರುತ್ತಿತ್ತು, ಡಾಕ್ಟರ ಕಣ್ಣಿಗೆ ಮಣ್ಣೆರಚಿದೆ ಎಂದು ಹಿಗ್ಗುತ್ತಿದ್ದ, ಆಮೇಲಾಮೇಲೆ ಅದು ಪುಡಿಯ ಗುಣವೆಂದು ತಾನೇ ನಂಬಿದ — ಮಣ್ಣು ಬಿದ್ದದ್ದು ಯಾರ ಕಣ್ಣಿಗೆ. ಗುಣ ಕಾಣುವವರೆಗೆ ಎಂದು ಹೊರಕೋಣೆಯಲ್ಲಿ ಮಲಗತೊಡಗಿದ, ಒಳಗೆ ಭಾಳ ಧಗಿ ಐತಿ ಎಂದು ಹೆಂಡತಿ ಶಿವದೇವಿಗೆ ಹೇಳಿ, ಕಳ್ಳನಿಗೊಂದು ಪಿಳ್ಳೆ ನೆವ. ಹೋದ ರವಿವಾರ ಮಧ್ಯಾಹ್ನವೂ ಅಲ್ಲೇ ಗೋಡೆಗೆ ಮುಖ ಮಾಡಿ ಮಲಗಿದ್ದ, ನಿದ್ದೆ ಬಂದಿರಲಿಲ್ಲ, ಬೀದಿಯಲ್ಲಿ ಮಾವಿನಹಣ್ಣಿನವನು ಕೂಗುವುದನ್ನು ಕೇಳುತ್ತಿದ್ದ, ಸಂಜೆ ಚಹಾ ಕೊಡುವಾಗ ಶಿವದೇವಿ ತಲೆ ತಗ್ಗಿಸಿಕೊಂಡೇ ಅಂದಳು, ಅಷ್ಟೊತ್ತು ನಿಮ್ಮ ಕಾಲು ಹಿಡಕೊಂಡು ಕುಂತಿದ್ದೆನ್ರಿ, ಹೊಳ್ಳಿ ಸುದ್ದಾ ನೋಡಲಿಲ್ಲ ನೀವು, ನಾ ಮುಟ್ಟಿದರ ಅಷ್ಟು ಬ್ಯಾಸರಾ ನಿಮಗ. ಸುಳ್ಳ್ಯಾಕ ಹೇಳತಿ, ನಾ ಎಚ್ಚರನ ಇದ್ದೆ, ಯಾವಾಗ ಮುಟ್ಟೀದಿ ನೀ, ಎಂದು ಗದರಿದ. ಅವಳು ಒಮ್ಮೆ ಮುಖ ನೋಡಿ ಒಳಗೆ ಹೋದಳು, ಅಂದಿನಿಂದ ಮಾತು ಕಡಿಮೆ, ಹೆಂಗಸರು ಹೀಗೆಯೇ, ಇಲ್ಲದ್ದು ಹುಟ್ಟಿಸಿಕೊಂಡು ಅಳುತ್ತಾರೆ ಎಂದುಕೊಂಡಿದ್ದ — ಹಿಡಿದಿದ್ದಳು. ಅಷ್ಟೊತ್ತು ಹಿಡಿದುಕೊಂಡು ಕೂತಿದ್ದಳು. ಇದೇ ಕಾಲು. ಅಯ್ಯೋ ಶಿವಾ, ಇಪ್ಪತ್ತಾರು ವರ್ಷ ಬಾಳಿದವಳನ್ನು ಸುಳ್ಳಿ ಅಂದೆನಲ್ಲ.

ಅಂದರ್ ಆವೋ ಸಾಬ್, ಧೂಪ್ ಮೇ ಕಾಯ್ಕು ಖಡೇ ಹೈ, ಬಿಸಿಲಲ್ಲಿ ಯಾಕೆ ನಿಂತಿರಿ ಎಂದು ಒಳಗಿನಿಂದ ಕರೆದ ಅಂಗಡಿಯವನು, ಕೈಯಲ್ಲಿ ಆಗಲೇ ಪುಡಿಯ ಪೊಟ್ಟಣ. ಹಣಮಂತರಾಯ ಮೆಟ್ಟಿಲ ಮೇಲೆ ಕೂತು ಅಂಗಾಲು ತಿರುಗಿಸಿ ನೋಡಿದ, ಬೊಬ್ಬೆ ಒಡೆದು ಚರ್ಮ ಸುಲಿದಿದೆ, ಡಾಂಬರು ಅಂಟಿದೆ, ಬೆರಳಿನಿಂದ ಒತ್ತಿದ, ಬೆರಳಿಗೆ ಹಸಿ ತಾಗಿತು, ಕಾಲಿಗೆ ಏನೂ ತಾಗಲಿಲ್ಲ. ಮನೆಗೆ ಹೋಗಬೇಕು, ಸುಮತಿಯ ಎದುರೇ ಡಾಕ್ಟರಿಗೆ ಎಲ್ಲ ಹೇಳಬೇಕು, ಅದಕ್ಕೂ ಮುಂಚೆ ಶಿವದೇವಿಗೆ, ನೀ ಹಿಡಿದದ್ದು ನನಗ ತಿಳೀಲಿಲ್ಲ, ಖರೇನೇ ತಿಳೀಲಿಲ್ಲ ಅಂತ, ನಂಬುತ್ತಾಳೋ ಇಲ್ಲವೋ, ಏಳಬೇಕು, ಮೊದಲು ಚಪ್ಪಲಿ ಹಾಕಿಕೊಂಡು — ಮೆಟ್ಟಿಲ ಕೆಳಗೆ ಯಾರುಯಾರದೋ ಜೋಡಿ ಚಪ್ಪಲಿಗಳು, ನಡುವೆ ಅವನದು, ಎಡಗಾಲಿನದು, ಒಂದೇ.